ಕೈಕೆಳಗಿನವರ ಗುಣದೋಷವಿಚಾರ

ಒಬ್ಬ ಮನುಷ್ಯನು ಮತ್ತೊಬ್ಬ ಮನುಷ್ಯನ ಕೆಲಸವನ್ನು ತೂಗಿ ಬೆಲೆಗಟ್ಟುವದು ಲೋಕದಲ್ಲಿ ಹೊಸದೇನೂ ಅಲ್ಲ. ಗುರುವು ಶಿಷ್ಯನನ್ನೂ, ಒಡೆಯನು ಆಳನ್ನೂ, ಅತ್ತೆಯು ಸೊಸೆಯನ್ನೂ ದಿನಾಲು ತೂಗುತ್ತಲೇ ಇರುತ್ತಾರೆ. ಆದರೆ ಈ ತೂಕವು ಕಾಗದದ ಮೇಲೆ ಇಳಿದು, ಆ ಕಾಗದವು ತೂಗಿಸಿಕೊಂಡವನ ಬಡತಿಯನ್ನೂ ಮಾನವನ್ನೂ ನಿರ್ಣಯಿಸತೊಡಗಿದ ಕೂಡಲೆ, ಅದು ಬರಿಯ ಕಚೇರಿಯ ವ್ಯವಹಾರವೆಂದೂ ಧರ್ಮವಿಚಾರಕ್ಕೆ ಅಲ್ಲಿ ಎಡೆಯಿಲ್ಲವೆಂದೂ ಅನೇಕರು ತಿಳಿಯುತ್ತಾರೆ. ನಮಗೆ ಹಾಗೆ ತೋರುವದಿಲ್ಲ. ಒಬ್ಬರ ಅನ್ನದ ಮೇಲೆ ಮತ್ತೊಬ್ಬರಿಗೆ ಅಧಿಕಾರವುಂಟಾದ ಸ್ಥಳದಲ್ಲಿಯೇ ಧರ್ಮದ ಪ್ರಶ್ನೆಯು ಎಲ್ಲಕ್ಕಿಂತ ತೀವ್ರವಾಗಿ ಏಳುತ್ತದೆ.

ಇಂದು ಬಾಗಲಕೋಟೆಯ ಸರಕಾರಿ ಕಚೇರಿಗಳಲ್ಲಿ, ಬಾದಾಮಿ ಹುನಗುಂದಗಳ ಶಾಲೆಗಳಲ್ಲಿ, ಇಳಕಲ್ಲಿನ ಬ್ಯಾಂಕುಗಳಲ್ಲಿ ವರ್ಷಕ್ಕೊಮ್ಮೆ ಮೇಲಿನವರು ಕೆಳಗಿನವರ ಕೆಲಸದ ವಿಷಯವಾಗಿ ವರದಿ ಬರೆಯುತ್ತಾರೆ. ಕೆಲವೆಡೆಗಳಲ್ಲಿ ಅವರನ್ನು ಎದುರಿಗೆ ಕೂಡ್ರಿಸಿಕೊಂಡು ಮಾತನಾಡುವ ಪದ್ಧತಿಯೂ ಬಂದಿದೆ. ಆ ಮಾತನ್ನು ಹೇಗೆ ಆಡಬೇಕು? ಹಾಗೆ ಆಡುವದನ್ನು ಮೇಲಧಿಕಾರಿಗಳಿಗೆ ಕಲಿಸಬೇಕೇ? ಕಲಿಸಿದರೆ ಬರುವಂಥದೇ ಅದು? ಇವು ಪ್ರಕೃತ ಲೇಖನದ ವಿಷಯ.

ಮೊದಲು ನಡೆದು ಬಂದ ರೀತಿಯನ್ನು ನೋಡೋಣ. ಬಹುಕಾಲ ಈ ವರದಿಗೆ ‘ಗೋಪ್ಯ ವರದಿ’ ಎಂಬ ಹೆಸರೇ ಇದ್ದಿತು. ಸಾಹೇಬರು ಬರೆಯುವರು, ಅವರ ಮೇಲಿನ ಸಾಹೇಬರು ಓದುವರು; ಯಾರ ವಿಷಯವಾಗಿ ಬರೆದಿದೆಯೋ ಅವನೊಬ್ಬನಿಗೆ ಮಾತ್ರ ಅದು ಕಾಣದು. ತೀರ ಕೆಟ್ಟ ಶೇರಾ ಬಿದ್ದರೆ ಮಾತ್ರ ತಿಳಿಸುವರು. ಈ ಪದ್ಧತಿಯ ದೋಷವನ್ನು ೨೦೦೮ನೆಯ ಇಸವಿಯ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಎತ್ತಿ ತೋರಿಸಿತು. ಗಡಿರಸ್ತೆಗಳ ಇಲಾಖೆಯ ಒಬ್ಬ ಇಂಜಿನಿಯರರಿಗೆ ಒಂದು ವರ್ಷ ‘ಉತ್ತಮ’ ಎಂಬ ಶೇರಾ ಬಿದ್ದಿತ್ತು. ಬಡತಿಗೆ ‘ಅತ್ಯುತ್ತಮ’ ಬೇಕಾಗಿತ್ತು. ‘ಉತ್ತಮ’ವು ಕೆಟ್ಟ ಮಾತಲ್ಲವೆಂದು ಅದನ್ನು ಅವರಿಗೆ ತಿಳಿಸಲಿಲ್ಲ, ಆದರೆ ಆ ಒಂದು ಒಳ್ಳೆಯ ಮಾತೇ ಅವರ ದಾರಿಗೆ ಅಡ್ಡವಾಯಿತು. ನ್ಯಾಯಾಲಯವು ಒಳ್ಳೆಯದಿರಲಿ ಕೆಟ್ಟದಿರಲಿ, ಪ್ರತಿಯೊಂದು ಶೇರಾವನ್ನೂ ಆಯಾ ನೌಕರರಿಗೆ ತಿಳಿಸಲೇಬೇಕೆಂದು ತೀರ್ಪು ಕೊಟ್ಟಿತು. ಆ ಇಂಜಿನಿಯರರ ಹೆಸರು ದೇವದತ್ತ. ನಮ್ಮ ಶಾಸ್ತ್ರಗ್ರಂಥಗಳಲ್ಲಿ ‘ಯಾವನೋ ಒಬ್ಬನು’ ಎಂದು ಹೇಳಬೇಕಾದಲ್ಲೆಲ್ಲ ಬರುವ ಹೆಸರೂ ದೇವದತ್ತನೇ. ಆ ತೀರ್ಪು ಒಬ್ಬ ದೇವದತ್ತನದಾದರೂ ಎಲ್ಲ ದೇವದತ್ತರಿಗೂ ಸಲ್ಲುವಂಥದಾಯಿತು. ೨೦೦೯ರಲ್ಲಿ ಕೇಂದ್ರ ಸರಕಾರವು ವರದಿಯ ಹೆಸರನ್ನೇ ಬದಲಿಸಿ, ಅದನ್ನು ಪೂರ್ತಿಯಾಗಿ ನೌಕರರಿಗೆ ತೋರಿಸಬೇಕೆಂದೂ, ಅವರು ೧೫ ದಿನಗಳೊಳಗೆ ತಮ್ಮ ಹೇಳಿಕೆಯನ್ನು ಕೊಡಬಹುದೆಂದೂ ಗೊತ್ತುಮಾಡಿತು. ೨೦೧೩ರಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠವು ೨೦೦೮ರ ತೀರ್ಪನ್ನೇ ಎತ್ತಿ ಹಿಡಿಯಿತು.

ಕಾಯಿದೆಯು ಕಾಗದವನ್ನು ತೆರೆದು ತೋರಿಸಿತು. ಆದರೆ ಬಾಯನ್ನು ತೆರೆಯಿಸುವ ಶಕ್ತಿ ಕಾಯಿದೆಗೆ ಇಲ್ಲ. ಮೊದಲು ಮುಚ್ಚಿಟ್ಟ ಕಾಗದದಲ್ಲಿ ಬರೆದದ್ದನ್ನೇ ಈಗ ತೆರೆದ ಕಾಗದದಲ್ಲಿ ಬರೆದು, ಸಹಿ ಮಾಡಿಸಿಕೊಂಡು, ಒಂದು ಮಾತನ್ನೂ ಆಡದೆ ಕಳಿಸಿದರೆ ಆಗುವ ಲಾಭವು ಅಲ್ಪವೇ ಸರಿ.

ಇದರಿಂದಾಗುವ ಹಾನಿಯು ಎಷ್ಟರದೆಂಬದಕ್ಕೆ ನಾವು ಕಂಡ ಒಂದು ಸಂಗತಿಯನ್ನು ಹೇಳುತ್ತೇವೆ. ಮಲಪ್ರಭೆಯ ದಂಡೆಯ ಹಳ್ಳಿಯೊಂದರ ಶಾಲೆಯಲ್ಲಿ ನಮ್ಮ ಪರಿಚಯದ ಒಬ್ಬ ತರುಣ ಶಿಕ್ಷಕರಿದ್ದರು. ಪಾಠದಲ್ಲಿ ಹುಡುಗರನ್ನು ಮೈಮರೆಸುವಂಥವರು. ಆದರೆ ಅವರ ಮನೆ ದೂರದ ಊರಿನಲ್ಲಿ. ಬೆಳಗಿನ ಬಸ್ಸು ಒಂದೇ. ಅದು ವಾರಕ್ಕೆರಡು ಸಲ ತಡವಾಗುವದು. ಮೇಲಿನವರು ಒಂದು ದಿನವೂ ಅವರನ್ನು ಕರೆದು ಕೇಳಲಿಲ್ಲ. ವರ್ಷಾಂತ್ಯದಲ್ಲಿ ‘ಕರ್ತವ್ಯದಲ್ಲಿ ಆಸಕ್ತಿ ಕಡಿಮೆ’ ಎಂದು ಬರೆದರು. ಬಡತಿಯ ಪಟ್ಟಿಯಲ್ಲಿ ತಮ್ಮ ಹೆಸರಿಲ್ಲದ್ದನ್ನು ಕಂಡು ಆ ಶಿಕ್ಷಕರು ವಿಚಾರಿಸಿದಾಗ, ನಾಲ್ಕು ವರ್ಷ ಹಿಂದಿನ ಆ ಮೂರು ಶಬ್ದಗಳು ಹೊರಗೆ ಬಂದವು. “ಆವಾಗ ಒಂದ ಮಾತ ಕೇಳಿದ್ರ ಸಾಕಿತ್ತರೀ ಮಾಸ್ತರ, ಆ ಊರಾಗ ಮನಿ ಮಾಡತಿದ್ದೆ” ಎಂದು ಅವರು ನಮ್ಮೆದುರು ಅಂದರು. ಬರೆದವರು ದುಷ್ಟರಾಗಿರಲಿಲ್ಲ. ಎದುರಿಗೆ ಹೇಳುವದಕ್ಕೆ ಸಂಕೋಚಪಟ್ಟರು. ಕಾಗದದ ಮುಂದೆ ಸಂಕೋಚಪಡಲಿಲ್ಲ, ಅಷ್ಟೆ. ಆದರೆ ಆ ಸಂಕೋಚದ ಬೆಲೆಯನ್ನು ಕೊಟ್ಟವರು ಮಾತ್ರ ಬೇರೊಬ್ಬರು.

ಆದ್ದರಿಂದ ನಮ್ಮ ಸಿದ್ಧಾಂತವು ಇಷ್ಟೇ: ಎದುರಿಗೆ, ಸಕಾಲದಲ್ಲಿ, ತಿದ್ದಿಕೊಳ್ಳಲು ಎಡೆಯಿರುವಾಗ ಹೇಳದೆ ಬಿಟ್ಟ ದೋಷವನ್ನು ವರ್ಷಾಂತ್ಯದಲ್ಲಿ ಬರೆಯುವ ಅಧಿಕಾರವು ಯಾರಿಗೂ ಇಲ್ಲ. ಹಾಗೆ ಹೇಳುವ ಸಾಮರ್ಥ್ಯವು ಹುಟ್ಟಿನಿಂದ ಬರುವದೂ ಇಲ್ಲ, ಅಭ್ಯಾಸದಿಂದ ಬರಿಸಿಕೊಳ್ಳಬೇಕಾದದ್ದು.

ಇದಕ್ಕೆ ಎರಡು ಕಡೆಯಿಂದ ಪೂರ್ವಪಕ್ಷ ಬರುತ್ತದೆ. ಮೊದಲನೆಯವರು ಹೀಗೆನ್ನುತ್ತಾರೆ: ಸತ್ಯವನ್ನು ಹೇಳುವದಕ್ಕೆ ತರಬೇತಿ ಏತಕ್ಕೆ? ಔಷಧವು ಕಹಿಯೇ, ಕುಡಿದವನು ಗುಣಹೊಂದುತ್ತಾನೆ. ಎರಡನೆಯವರು ಹೀಗೆನ್ನುತ್ತಾರೆ: ನಾಳೆಯೂ ಇವರ ಜೊತೆಗೇ ಬಾಳುವೆ ಮಾಡಬೇಕು, ಸುಮ್ಮನೆ ‘ಚೆನ್ನಾಗಿದೆ’ ಎಂದು ಬರೆದು ಬಿಟ್ಟರೆ ಯಾರಿಗೇನು ನಷ್ಟ? ಮೊದಲನೆಯವರಿಗೆ ನಮ್ಮ ಉತ್ತರ: ವೈದ್ಯನು ಕಹಿಯನ್ನು ಕೊಡುವ ಮೊದಲು ನಾಡಿಯನ್ನು ನೋಡುತ್ತಾನೆ, ಪ್ರಮಾಣವನ್ನು ಅಳೆಯುತ್ತಾನೆ, ಪಥ್ಯವನ್ನು ಹೇಳುತ್ತಾನೆ. ಈ ಮೂರನ್ನೂ ಬಿಟ್ಟು ಕಹಿಯನ್ನಷ್ಟೇ ಕೊಡುವವನು ವೈದ್ಯನಲ್ಲ. ಎರಡನೆಯವರಿಗೆ ಉತ್ತರ: ನಷ್ಟವು ಇಬ್ಬರಿಗುಂಟು. ಚೆನ್ನಾಗಿ ದುಡಿದವನಿಗೂ ದುಡಿಯದವನಿಗೂ ಒಂದೇ ಮಾತು ಬಿದ್ದಾಗ ದುಡಿದವನ ಉತ್ಸಾಹ ಬತ್ತುತ್ತದೆ. ದುಡಿಯದವನಾದರೋ ತನ್ನನ್ನು ತಿದ್ದಿಕೊಳ್ಳುವ ಸಂಧಿಯನ್ನೇ ಕಳೆದುಕೊಳ್ಳುತ್ತಾನೆ. ಸುಳ್ಳು ಹೊಗಳಿಕೆಯು ದಯೆಯ ವೇಷ ಹಾಕಿದ ಅಲಕ್ಷ್ಯವೇ ಹೊರತು ದಯೆಯಲ್ಲ.

ಹೇಳುವ ರೀತಿಯನ್ನು ಕಲಿಯಲು ದೂರ ಹೋಗಬೇಕಾದದ್ದಿಲ್ಲ. ಇಳಕಲ್ಲಿನ ಕುಣಿಮಗ್ಗದ ಬಳಿ ಒಂದು ತಾಸು ಕುಳಿತರೆ ಸಾಕು. ಇಳಕಲ್ಲ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಕೊಂಡಿ ಕೊಂಡಿಯಾಗಿ ಕೂಡಿಸಿ ನೇಯಬೇಕು. ಒಂದು ಕೊಂಡಿ ತಪ್ಪಿದರೂ ಸೆರಗಿನ ಅಂಚಿನಲ್ಲಿ ಅದು ಕಾಣುತ್ತದೆ. ನೇಕಾರನು ಸೀರೆಯನ್ನು ತಂದೊಪ್ಪಿಸಿದಾಗ ಬಲ್ಲ ಸಾಹುಕಾರನು ಅವನ ಮುಖವನ್ನು ನೋಡಿ ಮಾತನಾಡುವದಿಲ್ಲ. ಅರಿವೆಯನ್ನು ಇಬ್ಬರ ನಡುವೆ ಹಾಸುತ್ತಾನೆ. “ಇಲ್ಲಿ ನೋಡಪಾ, ಈ ಎಳಿ ಸಡಲ ಬಿದ್ದೈತಿ, ಯಾಕ ಹಿಂಗಾತು?” ಎನ್ನುತ್ತಾನೆ. ನೇಕಾರನು ನೂಲಿನ ಮಾತು ಹೇಳುತ್ತಾನೆ, ಇಲ್ಲವೆ ಮಗ್ಗದ ಮಾತು ಹೇಳುತ್ತಾನೆ, ಇಲ್ಲವೆ “ನನ್ನ ಕೈ ತಪ್ಪೈತ್ರಿ” ಎಂದು ಒಪ್ಪಿಕೊಳ್ಳುತ್ತಾನೆ. ಇಬ್ಬರ ದೃಷ್ಟಿಯೂ ಒಂದೇ ಎಳೆಯ ಮೇಲೆ ಇರುವದರಿಂದ ಒಬ್ಬರು ಮತ್ತೊಬ್ಬರ ಮೇಲೆ ಏರಿ ಹೋಗುವದಕ್ಕೆ ಅಲ್ಲಿ ಆಸ್ಪದವು ಕಡಿಮೆ. ಎಲ್ಲ ಸಾಹುಕಾರರೂ ಹೀಗಿರುತ್ತಾರೆಂದು ನಾವು ಹೇಳುವದಿಲ್ಲ. ಒಂದು ಎಳೆಯ ನೆವದಿಂದ ಕೂಲಿಯನ್ನೇ ಮುರಿಯುವವರೂ ಉಂಟು. ಆದರೆ ನಡುವೆ ಅರಿವೆಯಿದ್ದಾಗ ಆ ಅನ್ಯಾಯವೂ ಕಣ್ಣಿಗೆ ಕಾಣುತ್ತದೆ. ನಡುವೆ ಏನೂ ಇಲ್ಲದಿದ್ದಾಗ ಅದು ಕಾಣುವದೇ ಇಲ್ಲ.

ಕಚೇರಿಯಲ್ಲಿಯೂ ಶಾಲೆಯಲ್ಲಿಯೂ ಹೀಗೆ ನಡುವೆ ಹಾಸುವ ಅರಿವೆ ಯಾವದು? ನಡೆದ ಸಂಗತಿ. ‘ನೀವು ಅಲಕ್ಷ್ಯದವರು’ ಎಂಬದು ಸ್ವಭಾವದ ಮೇಲೆ ಕೊಟ್ಟ ತೀರ್ಪು. ‘ಕಳೆದ ಮೂರು ತಿಂಗಳಲ್ಲಿ ಎರಡು ಸಲ ತಖ್ತೆಯು ತಡವಾಗಿ ಬಂದಿತು’ ಎಂಬದು ಸಂಗತಿ. ತೀರ್ಪನ್ನು ಕೇಳಿದವನು ತನ್ನನ್ನು ಕಾಪಾಡಿಕೊಳ್ಳಲು ಹವಣಿಸುತ್ತಾನೆ. ಸಂಗತಿಯನ್ನು ಕೇಳಿದವನು ಕಾರಣವನ್ನು ಹುಡುಕುತ್ತಾನೆ.

ಕಾರಣದ ಮಾತು ಬಂದದ್ದರಿಂದ ಗೀತೆಯ ಹದಿನೆಂಟನೆಯ ಅಧ್ಯಾಯದ ವಿಚಾರವೊಂದು ಇಲ್ಲಿ ನೆನಪಾಗುತ್ತದೆ. ಯಾವ ಕರ್ಮವೇ ಆಗಲಿ, ಅದು ಕೈಗೂಡಲು ಐದು ಕಾರಣಗಳನ್ನು ಅಲ್ಲಿ ಎಣಿಸಿದೆ: ಅಧಿಷ್ಠಾನ, ಕರ್ತೃ, ಕರಣ, ಚೇಷ್ಟೆ, ದೈವ. ಕರ್ತೃವೊಬ್ಬನನ್ನೇ ಕಾರಣವೆಂದು ಕಾಣುವವನು ಸರಿಯಾಗಿ ಕಾಣುವವನಲ್ಲವೆಂಬದು ಅಲ್ಲಿಯ ಅಭಿಪ್ರಾಯ. ಆ ವಿಚಾರದ ಗುರಿಯು ಮೋಕ್ಷವಾದರೂ ಕಚೇರಿಗೂ ಅದು ಸಲ್ಲದೆ ಇರದು. ಗುಮಾಸ್ತನ ಕಡತವು ತಡವಾಯಿತೆನ್ನಿರಿ. ಅವನು ಕೂಡ್ರುವ ಸ್ಥಳ, ಅವನ ಕೈಗೆ ಕೊಟ್ಟ ಸಾಧನ, ಅವನ ಮೇಲೆ ಹೊರಿಸಿದ ಕಡತಗಳ ಸಂಖ್ಯೆ, ಕೆಲಸವನ್ನು ಮಾಡಲು ಅವನಿಗೆ ತೋರಿಸಿಕೊಟ್ಟ ಕ್ರಮ, ಯಾರ ಕೈಯಲ್ಲಿಯೂ ಇಲ್ಲದ ಮಳೆ, ರೋಗ, ವಿದ್ಯುತ್ತು ಇವನ್ನೆಲ್ಲ ಕಳೆದ ಮೇಲೆ ಉಳಿದದ್ದಷ್ಟೇ ಅವನ ದೋಷ. ಸಾಧನವನ್ನೂ ಸ್ಥಳವನ್ನೂ ಕೊಡುವವನು ಮೇಲಧಿಕಾರಿಯೇ ಆದ್ದರಿಂದ, ಲೆಕ್ಕವನ್ನು ಸರಿಯಾಗಿ ಹಾಕಿದರೆ ಅನೇಕ ಸಲ ದೋಷದ ಒಂದು ಪಾಲು ಅವನ ಹೆಸರಿಗೇ ಬೀಳುವದುಂಟು. ಈ ಭಯದಿಂದಲೇ ಕೆಲವರು ಎದುರಿಗೆ ಕೂತು ಮಾತನಾಡಲು ಹಿಂಜರಿಯುತ್ತಾರೆಂದು ನಮ್ಮ ಊಹೆ.

ದೋಷವನ್ನು ಹೇಳುವದರಂತೆ ಗುಣವನ್ನು ಹೇಳುವದೂ ಒಂದು ವಿದ್ಯೆ. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವನ್ನು ಎಂಟನೆಯ ಶತಮಾನದಲ್ಲಿ ಚಾಲುಕ್ಯ ಎರಡನೆಯ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿಯು ಕಟ್ಟಿಸಿದಳು. ಅಲ್ಲಿಯ ಶಾಸನಗಳಲ್ಲಿ ದೇವಾಲಯವನ್ನು ಕಟ್ಟಿದ ಸೂತ್ರಧಾರಿಗೆ ‘ತ್ರಿಭುವನಾಚಾರಿ’ ಎಂಬ ಬಿರುದನ್ನು ಕೊಟ್ಟದ್ದು ದಾಖಲಾಗಿದೆ. ಸರ್ವಸಿದ್ಧಿ ಆಚಾರಿ ಎಂಬ ಶಿಲ್ಪಿಯನ್ನು ಹೊಗಳುವ ಶಾಸನವಾದರೋ ‘ದೊಡ್ಡವನು’ ಎಂದಷ್ಟೇ ಹೇಳಿ ಸುಮ್ಮನಾಗುವದಿಲ್ಲ. ಮನೆ, ಅರಮನೆ, ವಾಹನ, ಆಸನ, ಶಯ್ಯೆ, ಕಿರೀಟ ಎಂದು ಅವನು ಯಾವ ಯಾವ ಕೆಲಸದಲ್ಲಿ ನಿಪುಣನೆಂಬದನ್ನು ಒಂದೊಂದಾಗಿ ಹೆಸರಿಸುತ್ತದೆ. ಹೊಗಳಿಕೆಯು ಕೆಲಸವನ್ನು ಹೆಸರಿಸಿದಾಗಲೇ ಅದು ನಿಜವಾದ ಮನ್ನಣೆ. ಎಲ್ಲರಿಗೂ ಒಂದೇ ಅಚ್ಚಿನಲ್ಲಿ ಹಾಕುವ ‘ಉತ್ತಮ’, ‘ತೃಪ್ತಿಕರ’ ಎಂಬ ಶಬ್ದಗಳನ್ನು ಓದಿದ ನೌಕರನಿಗೆ ತಾನು ಮಾಡಿದ್ದರಲ್ಲಿ ಯಾವದು ಕಂಡಿತೆಂಬದೇ ತಿಳಿಯುವದಿಲ್ಲ.

ಇನ್ನೊಂದು ಮಾತು. ಇಂದಿನ ವರದಿಗಳಲ್ಲಿ ನೌಕರನು ಮೊದಲು ತನ್ನ ಕೆಲಸವನ್ನು ತಾನೇ ಬರೆಯಬೇಕಾದ ಭಾಗವೊಂದು ಇರುವದುಂಟು. ಇದನ್ನು ಆತ್ಮಪ್ರಶಂಸೆಯೆಂದು ಹಳಿಯುವವರುಂಟು. ಐಹೊಳೆಯ ಮೇಗುಟಿಯಲ್ಲಿ ಕ್ರಿ.ಶ. ೬೩೪ರ ಶಾಸನವನ್ನು ರಚಿಸಿದ ರವಿಕೀರ್ತಿಯು ತನ್ನ ಕೀರ್ತಿಯನ್ನು ಕಾಳಿದಾಸ ಭಾರವಿಗಳ ಕೀರ್ತಿಗೆ ಹೋಲಿಸಿಕೊಂಡಿದ್ದಾನೆ. ಅವನ ಹೋಲಿಕೆಯು ಸರಿಯೋ ತಪ್ಪೋ, ಆ ಇಬ್ಬರು ಕವಿಗಳ ಕಾಲನಿರ್ಣಯಕ್ಕೆ ಇಂದಿಗೂ ಆಧಾರವಾಗಿರುವದು ಅವನ ಆ ಮಾತೇ. ತನ್ನ ವಿಷಯವಾಗಿ ತಾನು ಹೇಳಿಕೊಳ್ಳುವವನು ಕೆಲವೊಮ್ಮೆ ಮಿತಿಮೀರಬಹುದು. ಆದರೂ ಬೇರಾರಿಗೂ ತಿಳಿಯದ ಸಂಗತಿಯೊಂದು ಅವನ ಮಾತಿನಿಂದಲೇ ತಿಳಿದುಬರುವದುಂಟು. ಆದಕಾರಣ ಭೆಟ್ಟಿಯಲ್ಲಿ ಮೊದಲ ಮಾತು ಕೆಳಗಿನವರದಾಗಿರಬೇಕು. ಮೇಲಿನವರು ಮೊದಲು ಕಿವಿಯಾಗಬೇಕು.

ಮಾತು ಕೆಳಗಿನಿಂದ ಮೇಲಕ್ಕೂ ಹೋಗಬೇಕು. ಆಯ್ದಕ್ಕಿ ಮಾರಯ್ಯ ಲಕ್ಕಮ್ಮನವರು ನಮ್ಮ ನೆರೆಯ ಲಿಂಗಸುಗೂರು ತಾಲೂಕಿನ ಅಮರೇಶ್ವರದವರೆಂದು ಪ್ರತೀತಿ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವದು ಮಾರಯ್ಯನವರ ಕಾಯಕ. ಒಂದು ದಿನ ಅವರು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಇದು ನಮಗೆ ಬೇಕಾದದ್ದಕ್ಕಿಂತ ಹೆಚ್ಚು, ತಂದಲ್ಲಿಯೇ ಸುರಿದು ಬನ್ನಿರೆಂದು ಲಕ್ಕಮ್ಮನವರು ಗಂಡನಿಗೆ ಹೇಳಿದರಂತೆ. ಇಲ್ಲಿ ನಾಲ್ಕು ಸಂಗತಿಗಳನ್ನು ಗಮನಿಸಬೇಕು. ಆಕೆ ಅಂದೇ ಹೇಳಿದಳು. ವರ್ಷವಿಡೀ ಮನಸ್ಸಿನಲ್ಲಿ ಕೂಡಿಡಲಿಲ್ಲ. ಕಣ್ಣೆದುರಿಗಿದ್ದ ಅಕ್ಕಿಯನ್ನು ತೋರಿಸಿ ಹೇಳಿದಳು. ದೋಷದ ಜೊತೆಗೆ ಪರಿಹಾರವನ್ನೂ ಹೇಳಿದಳು. ಮತ್ತು ಇಬ್ಬರೂ ಒಪ್ಪಿಕೊಂಡ ಕಾಯಕದ ನಿಯಮವನ್ನೇ ಅಳತೆಗೋಲಾಗಿ ಹಿಡಿದಳು, ತನ್ನ ಇಷ್ಟಾನಿಷ್ಟವನ್ನಲ್ಲ. ಮೇಲಧಿಕಾರಿಗಳ ತರಬೇತಿಗೆ ಇದಕ್ಕಿಂತ ಸಂಕ್ಷಿಪ್ತವಾದ ಪಾಠವು ನಮಗೆ ತಿಳಿಯದು.

ನ್ಯಾಯಶಾಸ್ತ್ರದಲ್ಲಿ ಕಥೆಯು, ಅಂದರೆ ವಿಚಾರಕ್ಕಾಗಿ ನಡೆಯುವ ಸಂಭಾಷಣೆಯು, ಮೂರು ವಿಧ: ವಾದ, ಜಲ್ಪ, ವಿತಂಡ. ತತ್ತ್ವವನ್ನು ತಿಳಿಯುವ ಇಚ್ಛೆಯಿಂದ ಇಬ್ಬರು ಮಾತನಾಡುವದು ವಾದ. ಗೆಲ್ಲುವ ಇಚ್ಛೆಯಿಂದ ಮಾತನಾಡುವದು ಜಲ್ಪ. ತನ್ನದೇನನ್ನೂ ಸ್ಥಾಪಿಸದೆ ಎದುರಿನವನದನ್ನು ಕೆಡಹುವದಷ್ಟೇ ವಿತಂಡ. ಗುಣದೋಷವಿಚಾರದ ಭೆಟ್ಟಿಯು ವಾದವಾಗಬೇಕು. ಆದರೆ ಒಬ್ಬನ ಕೈಯಲ್ಲಿ ಲೇಖನಿಯಿದ್ದು ಮತ್ತೊಬ್ಬನ ಕೈ ಬರಿದಾಗಿರುವಾಗ ಅದು ಜಲ್ಪಕ್ಕೆ ಇಳಿಯುವದು ಬಹು ಸುಲಭ. ಅಲ್ಲಿ ಗೆಲ್ಲುವವನಾರೆಂಬದು ಮೊದಲೇ ಗೊತ್ತಿರುತ್ತದೆ. ‘ಈತನ ಮಾತಿನಿಂದ ನನ್ನ ಅಭಿಪ್ರಾಯವು ಬದಲಾಗಬಹುದೇ?’ ಎಂದು ಮೇಲಧಿಕಾರಿಯು ಒಳಗೆ ಹೋಗುವ ಮುಂಚೆ ತನ್ನನ್ನು ತಾನೇ ಕೇಳಿಕೊಳ್ಳಬೇಕು. ಬದಲಾಗದೆಂದು ಉತ್ತರ ಬಂದರೆ ಆ ಭೆಟ್ಟಿಯು ನಾಟಕವೇ ಸರಿ.

ಪಾಶ್ಚಾತ್ಯ ದೇಶಗಳಲ್ಲಿಯೂ ಈ ಕುರಿತು ಆಳವಾಗಿ ವಿಚಾರ ಮಾಡಿದವರಿದ್ದಾರೆ. ೧೯೫೭ರಲ್ಲಿ ಅಮೇರಿಕೆಯ ಡಗ್ಲಸ್ ಮ್ಯಾಕ್‌ಗ್ರೆಗರ್ ಎಂಬ ವಿದ್ವಾಂಸರು, ಮೇಲಧಿಕಾರಿಗಳು ಈ ಕೆಲಸಕ್ಕೆ ಹಿಂಜರಿಯುವದು ಬರಿಯ ಅಳುಕಲ್ಲವೆಂದೂ, ಮತ್ತೊಬ್ಬ ಮನುಷ್ಯನ ಯೋಗ್ಯತೆಯನ್ನು ದೇವರಂತೆ ನಿರ್ಣಯಿಸುವದು ಅವರ ಅಂತರಂಗಕ್ಕೆ ಒಪ್ಪದ್ದೇ ಅದರ ಕಾರಣವೆಂದೂ ಪ್ರತಿಪಾದಿಸಿದರು. ಜನರಲ್ ಎಲೆಕ್ಟ್ರಿಕ್ ಎಂಬ ದೊಡ್ಡ ಕಂಪನಿಯಲ್ಲಿ ನಡೆಸಿದ ಶೋಧನೆಯೊಂದು ೧೯೬೫ರಲ್ಲಿ ಪ್ರಕಟವಾಯಿತು. ಟೀಕೆಯಿಂದ ಕೆಲಸವು ಸುಧಾರಿಸುವದಕ್ಕೆ ಬದಲು ಕೆಡುತ್ತದೆಂದೂ, ಮುಂದಿನ ಗುರಿಗಳನ್ನು ಇಬ್ಬರೂ ಕೂಡಿ ಗೊತ್ತುಮಾಡಿಕೊಂಡಾಗ ಸುಧಾರಿಸುತ್ತದೆಂದೂ ಅದರಿಂದ ತಿಳಿದುಬಂದಿತು. ಸಂಬಳದ ಮಾತನ್ನೂ ಸುಧಾರಣೆಯ ಮಾತನ್ನೂ ಒಂದೇ ಭೆಟ್ಟಿಯಲ್ಲಿ ಬೆರಸಬಾರದೆಂಬದು ಅವರ ಸೂಚನೆ. ಇದು ಸಹಜವೇ. ಅನ್ನದ ಲೆಕ್ಕ ನಡೆದಿರುವಾಗ ಯಾರು ತಾನೇ ತನ್ನ ಕುಂದನ್ನು ಬಿಚ್ಚಿ ಹೇಳಿಯಾರು? ನಮ್ಮ ದೇಶದಲ್ಲಿಯೂ ಕರ್ನಾಟಕದವರೇ ಆದ ವೀರಪ್ಪ ಮೊಯಿಲಿಯವರು ಅಧ್ಯಕ್ಷರಾಗಿದ್ದ ಎರಡನೆಯ ಆಡಳಿತ ಸುಧಾರಣಾ ಆಯೋಗವು ೨೦೦೮ರಲ್ಲಿ, ಈ ಮೌಲ್ಯಮಾಪನವು ಪರಸ್ಪರ ವಿಚಾರವಿನಿಮಯದಿಂದಲೂ ಬಿಚ್ಚುಮನಸ್ಸಿನಿಂದಲೂ ನಡೆಯಬೇಕೆಂದು ಶಿಫಾರಸು ಮಾಡಿತು.

ಹಾಗಾದರೆ ಇದನ್ನು ಕಲಿಸುವದು ಹೇಗೆ? ಮೈಸೂರಿನಲ್ಲಿ ಸರಕಾರದ ಆಡಳಿತ ತರಬೇತಿ ಸಂಸ್ಥೆಯಿದೆ. ಶಿಕ್ಷಕರ ಸಲುವಾಗಿ ನಮ್ಮ ಜಿಲ್ಲೆಯ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯು ಇಳಕಲ್ಲಿನಲ್ಲಿಯೇ ಇದೆ. ಇಂಥ ಸ್ಥಳಗಳಲ್ಲಿ ಈ ವಿಷಯವನ್ನು ಉಪನ್ಯಾಸದಿಂದ ಕಲಿಸಿದರೆ ಸಾಲದು. ಪಾಠಶಾಲೆಯಲ್ಲಿ ನಾವು ಪದ, ಕ್ರಮ, ಜಟೆ, ಘನಗಳನ್ನು ಅರ್ಥ ಕೇಳಿ ಕಲಿಯಲಿಲ್ಲ. ನಾಲಗೆಯನ್ನು ಮತ್ತೆ ಮತ್ತೆ ತಿರುಗಿಸಿ, ಗುರುಗಳು ತಿದ್ದಿದಲ್ಲಿ ಮತ್ತೆ ಹೇಳಿ ಕಲಿತೆವು. ಇದೂ ನಾಲಗೆಯ ವಿದ್ಯೆ. ಮೂವರು ಮೂವರಾಗಿ ಕೂಡ್ರಲಿ. ಒಬ್ಬನು ಅಧಿಕಾರಿಯಾಗಲಿ, ಒಬ್ಬನು ನೌಕರನಾಗಲಿ, ಮೂರನೆಯವನು ಸಾಕ್ಷಿಯಾಗಲಿ. ಒಂದು ಸಂಗತಿಯನ್ನು ಹಿಡಿದು ಮಾತನಾಡಲಿ. ಯಾವ ಮಾತಿಗೆ ಮುಖವು ಬಾಡಿತು, ಯಾವ ಪ್ರಶ್ನೆಗೆ ಬಾಯಿ ಬಿಚ್ಚಿತು ಎಂಬದನ್ನು ಸಾಕ್ಷಿಯು ಹೇಳಲಿ. ಆಮೇಲೆ ಪಾತ್ರಗಳನ್ನು ಅದಲುಬದಲು ಮಾಡಲಿ. ಅಧಿಕಾರಿಯು ಅರ್ಧ ತಾಸು ಕೆಳಗಿನ ಕುರ್ಚಿಯಲ್ಲಿ ಕುಳಿತು ಬಂದರೆ, ಹತ್ತು ಉಪನ್ಯಾಸಗಳು ಕಲಿಸದ್ದನ್ನು ಆ ಕುರ್ಚಿಯು ಕಲಿಸೀತು.

ಅಭ್ಯಾಸಮಾಡಬೇಕಾದ ನಿಯಮಗಳು ಹೆಚ್ಚೇನಲ್ಲ. ವರ್ಷದುದ್ದಕ್ಕೂ ಕಂಡದ್ದನ್ನು ಕಂಡ ದಿನವೇ ಟಿಪ್ಪಣಿ ಮಾಡಿಡುವದು. ಇಲ್ಲವಾದರೆ ಕೊನೆಯ ತಿಂಗಳ ತಪ್ಪೊಂದು ಹನ್ನೊಂದು ತಿಂಗಳ ಒಳ್ಳೆಯದನ್ನು ನುಂಗಿಬಿಡುತ್ತದೆ. ದೋಷವನ್ನು ಏಕಾಂತದಲ್ಲಿ ಹೇಳುವದು. ನಾಲ್ವರೆದುರು ಹೇಳಿದ ನಿಜವೂ ಅವಮಾನವಾಗುತ್ತದೆ. ಒಂದು ಭೆಟ್ಟಿಯಲ್ಲಿ ಎರಡು ಮೂರು ಸಂಗತಿಗಳಿಗಿಂತ ಹೆಚ್ಚು ಎತ್ತದಿರುವದು. ಮತ್ತೊಬ್ಬರ ಹೆಸರೆತ್ತಿ ಹೋಲಿಸದಿರುವದು. ಕೊನೆಯಲ್ಲಿ ನೌಕರನು ಮಾಡಬೇಕಾದದ್ದನ್ನೂ, ತಾನು ಒದಗಿಸಿಕೊಡಬೇಕಾದದ್ದನ್ನೂ ಎರಡು ಸಾಲುಗಳಲ್ಲಿ ಬರೆದು ಇಬ್ಬರೂ ಇಟ್ಟುಕೊಳ್ಳುವದು. ಮೂರು ತಿಂಗಳಿಗೊಮ್ಮೆ ಅದನ್ನು ತೆಗೆದು ನೋಡುವದು. ಹೀಗೆ ನಡೆದಲ್ಲಿ ವರ್ಷಾಂತ್ಯದ ವರದಿಯಲ್ಲಿ ನೌಕರನಿಗೆ ಹೊಸದೆನಿಸುವ ಮಾತು ಒಂದೂ ಇರಲಾರದು. ಅದೇ ಒಳ್ಳೆಯ ವರದಿಯ ಲಕ್ಷಣ.

ಈ ವಿದ್ಯೆಯು ಎಲ್ಲ ರೋಗಗಳಿಗೂ ಮದ್ದಲ್ಲ. ಲಂಚ ತಿಂದವನನ್ನೂ ಮಕ್ಕಳ ಮೇಲೆ ಕೈಮಾಡಿದವನನ್ನೂ ಭೆಟ್ಟಿಗೆ ಕರೆದು ಮೃದುವಾಗಿ ಮಾತನಾಡುವದು ಸಲ್ಲದು; ಅದಕ್ಕೆ ವಿಚಾರಣೆಯ ದಾರಿಯೇ ಬೇರೆ. ಮೇಲಧಿಕಾರಿಯ ಮನಸ್ಸಿನಲ್ಲಿ ಜಾತಿಯ, ಬಂಧುತ್ವದ, ಮುಖಸ್ತುತಿಯ ಪಕ್ಷಪಾತವು ನೆಲೆಸಿದ್ದರೆ ತರಬೇತಿಯು ಅವನ ಮಾತನ್ನು ನಯಗೊಳಿಸೀತೇ ಹೊರತು ಮನಸ್ಸನ್ನಲ್ಲ. ನಯವಾದ ಮಾತಿನ ಪಕ್ಷಪಾತವು ಒರಟು ಮಾತಿನದಕ್ಕಿಂತ ಅಪಾಯಕರವೆಂಬದನ್ನೂ ನಾವು ಬಲ್ಲೆವು. ಅದಕ್ಕಾಗಿಯೇ ಮೇಲ್ಮನವಿಯ ಬಾಗಿಲು ತೆರೆದಿರಬೇಕು. ಆದರೆ ನಮ್ಮ ಅನುಭವದಲ್ಲಿ ದುಷ್ಟ ಅಧಿಕಾರಿಗಳು ಕೆಲವರು; ಹೇಳಲರಿಯದ ಅಧಿಕಾರಿಗಳು ಬಹು ಮಂದಿ. ಈ ಬಹು ಮಂದಿಯ ಸಲುವಾಗಿಯೇ ಶಿಕ್ಷಣವು ಬೇಕು.

ಒಬ್ಬನ ವಿಷಯವಾಗಿ ಬರೆಯುವ ಲೇಖನಿಯನ್ನು ಕೈಗೆ ಕೊಡುವ ಮೊದಲು, ಅವನೆದುರಿಗೆ ಕುಳಿತು ಅದೇ ಮಾತನ್ನು ಹೇಳಬಲ್ಲನೋ ಎಂದು ಅಧಿಕಾರಿಯನ್ನು ಪರೀಕ್ಷಿಸುವ ದಿನ ಬರಲಿ. ಹೇಳಬಲ್ಲವನು ಬರೆಯಲಿ. ಹೇಳಲಾರದವನು ಮೊದಲು ಹೇಳುವದನ್ನು ಕಲಿತು, ಆಮೇಲೆ ಬರೆಯಲಿ.